ಬಿಲ್ ಕೇಳದ ಕಿಟಕಿ, ಬಸ್ಸು ಬಾರದ ದಾರಿ: ‘ಸಿಕೊ’ವನ್ನು ಮಲ್ಲಂದೂರಿನಿಂದ ನೋಡುತ್ತಾ

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೈಕೆಲ್ ಮೂರ್ ಬಿಲ್ ಕಟ್ಟುವ ಜಾಗ ಹುಡುಕಿಕೊಂಡು ಓಡಾಡುತ್ತಾರೆ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂದು ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಾರೆ. ಜನ ನಗುತ್ತಾರೆ. ಕೊನೆಗೆ ‘ಕ್ಯಾಶಿಯರ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಕಳ್ಳ ಸಿಕ್ಕಿಬಿದ್ದ ಎಂಬಂತೆ ಮುಖ ಮಾಡಿಕೊಂಡು ಅಲ್ಲಿಗೆ ಹೋಗಿ ನೋಡಿದರೆ, ಆ ಕಿಟಕಿಯಿಂದ ದುಡ್ಡು ಹೊರಗೆ ಬರುತ್ತಿದೆ! ಕಡಿಮೆ ವರಮಾನದ ರೋಗಿಗಳು ಆಸ್ಪತ್ರೆಗೆ ಬಂದುಹೋಗುವ ಖರ್ಚನ್ನು ಅಲ್ಲಿ ಎಣಿಸಿ ಕೊಡುತ್ತಾರೆ. 2007ರಲ್ಲಿ ಬಂದ ‘ಸಿಕೊ’ ಸಾಕ್ಷ್ಯಚಿತ್ರದಲ್ಲಿ ನನಗೆ ಅತಿ ಹೆಚ್ಚು ನಗು ಬರಿಸಿದ ದೃಶ್ಯ ಇದು.

ಈಚೆಗೆ ಚಿಕ್ಕಮಗಳೂರಿನ ಕೆಲವು ಕಾಲೇಜು ವಿದ್ಯಾರ್ಥಿಗಳ ಜೊತೆ ಕೂತು ಮತ್ತೆ ನೋಡಿದಾಗಲೂ ಎಲ್ಲರೂ ಇಲ್ಲಿ ಜೋರಾಗಿ ನಕ್ಕರು. ಕಳಸದ ಕಡೆಯಿಂದ ಬಂದ ಒಬ್ಬಳು ಮಾತ್ರ, “ಬಸ್ ಚಾರ್ಜ್ ಕೊಡ್ತಾರೆ ಸರಿ ಸಾರ್, ಬಸ್ಸೇ ಇಲ್ದಿದ್ರೆ?” ಎಂದಳು. ಅದಕ್ಕೂ ಎಲ್ಲರೂ ನಕ್ಕರು.

ಸಿನಿಮಾ ಆ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತು ನಗಿಸಿ ಮುಂದೆ ಹೋಗುತ್ತದೆ. ನನ್ನ ತಕರಾರೆಲ್ಲ ಅಷ್ಟು ಬೇಗ ಮುಂದೆ ಹೋದದ್ದರ ಬಗ್ಗೆಯೇ. ರೋಗಿಗೂ ಆಸ್ಪತ್ರೆಗೂ ನಡುವೆ ಒಂದು ದಾರಿ ಇದೆ, ಆ ದಾರಿಯನ್ನು ದಾಟಿಸುವುದೂ ಚಿಕಿತ್ಸೆಯ ಭಾಗ ಎಂದು ಒಪ್ಪಿಕೊಂಡ ವ್ಯವಸ್ಥೆಯೊಂದು ಅಲ್ಲಿ ಕಣ್ಣೆದುರಿಗೇ ಇತ್ತು. ಮೂರ್‌ಗೆ ಅದು ತಮಾಷೆಯಾಗಿ ಕಂಡಿತು. ಮಲ್ಲಂದೂರಿನಂಥ ಊರಿನಲ್ಲಿ ಕೂತು ನೋಡುವವನಿಗೆ ಇಡೀ ಸಿನಿಮಾದ ತಿರುಳು ಅಲ್ಲೇ ಇದ್ದಂತೆ ಕಾಣುತ್ತದೆ.

ನೋಡದವರಿಗಾಗಿ ಸ್ವಲ್ಪ ಹೇಳಬೇಕು. ‘ಸಿಕೊ’ ಅಮೆರಿಕದ ಆರೋಗ್ಯ ವ್ಯವಸ್ಥೆಯ ಮೇಲೆ ಮಾಡಿದ ಸಿನಿಮಾ. ಶುರುವಿನಲ್ಲೇ ಒಬ್ಬಾತ ತನ್ನ ಸೀಳಿದ ಮೊಣಕಾಲಿಗೆ ತಾನೇ ಸೂಜಿ ದಾರ ಹಿಡಿದು ಹೊಲಿಗೆ ಹಾಕಿಕೊಳ್ಳುತ್ತಾನೆ. ಇನ್ನೊಬ್ಬನ ಎರಡು ಬೆರಳುಗಳ ತುದಿ ಗರಗಸಕ್ಕೆ ಸಿಕ್ಕಿ ಹಾರಿಹೋಗಿವೆ. ನಡುಬೆರಳನ್ನು ಜೋಡಿಸಲು 60,000 ಡಾಲರ್, ಉಂಗುರದ ಬೆರಳಿಗೆ 12,000 ಡಾಲರ್ ಎಂದು ಆಸ್ಪತ್ರೆ ದರ ಹೇಳುತ್ತದೆ. ಅವನು ಉಂಗುರದ ಬೆರಳನ್ನು ಆರಿಸಿಕೊಳ್ಳುತ್ತಾನೆ. ಇಬ್ಬರಿಗೂ ವಿಮೆ ಇಲ್ಲ. ವಿಮೆ ಇಲ್ಲದವರು ಆ ದೇಶದಲ್ಲಿ ಆಗ 5 ಕೋಟಿಯ ಹತ್ತಿರ. ನಾವು ಇಂಥ ಇನ್ನಷ್ಟು ಕಥೆಗಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ, ಈ ಸಿನಿಮಾ ಇವರ ಬಗ್ಗೆ ಅಲ್ಲವೇ ಅಲ್ಲ, ವಿಮೆ ಇರುವ 25 ಕೋಟಿ ಜನರ ಬಗ್ಗೆ ಎಂದು ಮೂರ್ ಹೇಳಿಬಿಡುತ್ತಾರೆ. ಇಡೀ ಸಿನಿಮಾವನ್ನು ಎತ್ತಿ ನಿಲ್ಲಿಸುವುದು ಈ ತಿರುವು. ಕಾರ್ಡು ಇಲ್ಲದವನ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಕಾರ್ಡು ಇಟ್ಟುಕೊಂಡವನಿಗೆ ಏನಾಗುತ್ತದೆ ಎಂದು ಕೇಳಿದ್ದರಿಂದಲೇ ಈ ಸಿನಿಮಾಕ್ಕೆ ವಯಸ್ಸಾಗಿಲ್ಲ.

ಒಬ್ಬ ಹೆಂಗಸಿನ ಕಾರು ಅಪಘಾತವಾಗಿ ಪ್ರಜ್ಞೆ ತಪ್ಪಿದೆ. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಸೇರಿಸಿದೆ. ಆಮೇಲೆ ವಿಮಾ ಕಂಪನಿ ಆಂಬುಲೆನ್ಸಿನ ದುಡ್ಡು ಕೊಡಲು ಒಪ್ಪುವುದಿಲ್ಲ. ಕಾರಣ, ಮೊದಲೇ ಅನುಮತಿ ಪಡೆದಿರಲಿಲ್ಲ! ಪ್ರಜ್ಞೆ ತಪ್ಪಿದವಳು ಯಾವಾಗ ಫೋನ್ ಮಾಡಿ ಅನುಮತಿ ಕೇಳಬೇಕಿತ್ತು ಎಂದು ಆಕೆ ಕ್ಯಾಮೆರಾದ ಮುಂದೆ ಕೇಳುತ್ತಾಳೆ. ಇನ್ನೊಂದು ಕಡೆ ಲಿಂಡಾ ಪೀನೊ ಎಂಬ ವೈದ್ಯೆ 1996ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೊಟ್ಟ ಸಾಕ್ಷ್ಯವನ್ನು ತೋರಿಸುತ್ತಾರೆ. ವಿಮಾ ಕಂಪನಿಯ ವೈದ್ಯೆಯಾಗಿ ಒಬ್ಬನಿಗೆ ಬೇಕಿದ್ದ ಶಸ್ತ್ರಚಿಕಿತ್ಸೆಯನ್ನು ತಾನು ನಿರಾಕರಿಸಿದೆ, ಅವನು ಸತ್ತ, ಕಂಪನಿಗೆ ದುಡ್ಡು ಉಳಿಯಿತು, ತನಗೆ ಬಡ್ತಿ ಸಿಕ್ಕಿತು ಎಂದು ಆಕೆ ನೇರವಾಗಿ ಹೇಳುತ್ತಾರೆ. ಮೂರ್ ಇಲ್ಲಿ ತಮ್ಮ ಎಂದಿನ ಕೀಟಲೆಗಳನ್ನೆಲ್ಲ ಬದಿಗಿಟ್ಟು ಸುಮ್ಮನಿದ್ದಾರೆ. ಅವರು ಸುಮ್ಮನಿದ್ದಾಗಲೇ ಸಿನಿಮಾ ಚೆನ್ನಾಗಿದೆ ಎಂದರೆ ಅವರ ಅಭಿಮಾನಿಗಳಿಗೆ ಸಿಟ್ಟು ಬರಬಹುದು.

ಈ ಸಿನಿಮಾದ ಕಳ್ಳಸಿಡಿ ನಮ್ಮ ಕಡೆ ಓಡಾಡುತ್ತಿದ್ದ ಕಾಲದಲ್ಲಿ ಇದೆಲ್ಲ ದೂರದ ದೇಶದ ಕಥೆಯಾಗಿತ್ತು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆ ಒಂದು ಕಡೆ, ದುಡ್ಡು ಕೊಟ್ಟು ಹೋಗುವ ನರ್ಸಿಂಗ್ ಹೋಮ್ ಇನ್ನೊಂದು ಕಡೆ. ನಡುವೆ ವಿಮೆ ಎಂಬುದು ಪೇಟೆಯ ನೌಕರರ ಮಾತು. ಆದರೆ ಆಗಲೇ ಕರ್ನಾಟಕದಲ್ಲಿ ಬೇರೊಂದು ದಾರಿ ತೆರೆದಿತ್ತು. ಸಹಕಾರಿ ಸಂಘಗಳ ರೈತರಿಗಾಗಿ ಮಾಡಿದ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂತು. ಮೊದಲ ವರ್ಷ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಅಷ್ಟಕ್ಕೆ ದೊಡ್ಡ ಆಸ್ಪತ್ರೆಯ ಆಪರೇಷನ್ ಎಂದರೆ ಯಾರೂ ನಂಬಿರಲಿಲ್ಲ. 2010ರಲ್ಲಿ ಬಡತನ ರೇಖೆಯ ಕೆಳಗಿನವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಆಗ ನಿಂತ ಯಶಸ್ವಿನಿ 2022ರಲ್ಲಿ ಮತ್ತೆ ಶುರುವಾಯಿತು. ಈಗ ನಮ್ಮ ತೋಟದ ಲೈನುಗಳಲ್ಲೂ ಕಾರ್ಡು, ಪ್ಯಾಕೇಜು, ರೆಫರಲ್ ಎಂಬ ಮಾತುಗಳು ಓಡಾಡುತ್ತವೆ. ಆಸ್ಪತ್ರೆಯ ಬಾಗಿಲಲ್ಲಿ ‘ಆರೋಗ್ಯ ಮಿತ್ರ’ರ ಮೇಜು ಇರುತ್ತದೆ. ಅನುಮತಿ ಬರುವ ತನಕ ಬೆಂಚಿನ ಮೇಲೆ ಕಾಯುವವರೂ ಇರುತ್ತಾರೆ. ಮೂರ್ ತೋರಿಸಿದ ಆ ಪದ, ಮೊದಲೇ ಪಡೆಯಬೇಕಾದ ಅನುಮತಿ, ಹದಿನೈದು ವರ್ಷದೊಳಗೆ ನಮ್ಮ ಘಟ್ಟ ಹತ್ತಿ ಬಂದಿದೆ.

ಹಾಗೆಂದು ಕಾರ್ಡನ್ನು ಲೇವಡಿ ಮಾಡುವವರ ಜೊತೆ ನಾನು ಸೇರಲಾರೆ. ಹೃದಯದ ಆಪರೇಷನ್ನಿಗಾಗಿ ಅರ್ಧ ಎಕರೆ ಗದ್ದೆ ಮಾರುವುದು ತಪ್ಪಿದ ಮನೆಗಳು ನಮ್ಮ ಸುತ್ತಲೇ ಇವೆ. ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಯಿತಲ್ಲ, ಆಗ ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯ ಈಚೆಗಿದ್ದ, ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ಮಾಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ನೂರಕ್ಕೆ 64ರಷ್ಟು ಕಡಿಮೆ ಎಂದು ಅದು ಹೇಳಿತು. ಸಣ್ಣ ಸಂಗತಿಯಲ್ಲ. ಆದರೆ ಆ ಯೋಜನೆಯಲ್ಲಿ ಕಾರ್ಡಿನ ಜೊತೆಗೆ ಇನ್ನೊಂದು ಏರ್ಪಾಡೂ ಇತ್ತು. ಹಳ್ಳಿಯ ಕಡೆಗೇ ಹೋಗಿ ಶಿಬಿರ ಮಾಡಿ, ಪರೀಕ್ಷೆ ಮಾಡಿ, ಬೇಕಾದವರನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಯಾರೋ ಊರಿಗೆ ಬಂದರು ಎಂಬುದು ನೂರಕ್ಕೆ 64ರ ಲೆಕ್ಕದ ಒಳಗೇ ಇದೆ. ಯೋಜನೆಯನ್ನು ಹೊಗಳುವವರು ಇದನ್ನು ಹೇಳುವುದು ಕಡಿಮೆ.

ಮೂರ್ ಕೇಳುವ ಪ್ರಶ್ನೆ ಒಂದೇ. ಬಿಲ್ ಯಾರು ಕೊಡುತ್ತಾರೆ? ಕೆನಡಾ, ಇಂಗ್ಲೆಂಡ್, ಫ್ರಾನ್ಸ್, ಕ್ಯೂಬಾ ಎಲ್ಲ ಕಡೆಯೂ ಅವರು ಕೌಂಟರನ್ನೇ ಹುಡುಕುತ್ತಾರೆ. ಅಮೆರಿಕಕ್ಕೆ ಅದು ಸರಿಯಾದ ಪ್ರಶ್ನೆಯೇ ಇರಬಹುದು. ಅಲ್ಲಿ ಆಸ್ಪತ್ರೆ ಎದುರಿಗಿದೆ, ಬಾಗಿಲಲ್ಲಿ ದರಪಟ್ಟಿ ಹಿಡಿದವನು ನಿಂತಿದ್ದಾನೆ. ನಮ್ಮಲ್ಲಿ ಆ ಪ್ರಶ್ನೆ ಬರುವುದಕ್ಕೆ ಮೊದಲು ಇನ್ನೆರಡು ಇವೆ. ಬಾಗಿಲಿನವರೆಗೆ ತಲುಪುವುದು ಹೇಗೆ? ಬಾಗಿಲ ಒಳಗೆ ಯಾರಾದರೂ ಇದ್ದಾರೆಯೇ?

ಮಲ್ಲಂದೂರು ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿನ ಕಡೆಗೆ ಹೋಗುವ ದಾರಿಯ ಊರು. ಸುತ್ತ ಕಾಫಿ ತೋಟ, ಸಿಲ್ವರ್ ಓಕ್ ಮರ, ಅವುಗಳ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಪ್ರವಾಸಿಗರಿಗೆ ಈ ತಿರುವುಗಳು ಚಂದ. ಹೊಟ್ಟೆನೋವಿನಲ್ಲಿ ಪಿಕಪ್ಪಿನ ಹಿಂದೆ ಮಲಗಿದ ಬಸುರಿಗೆ ಒಂದೊಂದು ತಿರುವೂ ಲೆಕ್ಕ. ಇನ್ನೂ ಒಳಗೆ, ಕಳಸದ ಕಡೆ ಹೋದರೆ ಭದ್ರೆ ತುಂಬಿದಾಗ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಹೊರನಾಡಿನ ಸಂಪರ್ಕ ತಪ್ಪುತ್ತದೆ. ಮೂಡಿಗೆರೆ ಕಡೆಯವರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಇಳಿಯಬೇಕೆಂದರೆ ಚಾರ್ಮಾಡಿ ಘಾಟಿ. 2019ರ ಆಗಸ್ಟಿನಲ್ಲಿ ಅದೇ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. ಘಾಟಿಯ ಕೆಳಗಿನ ಆಸ್ಪತ್ರೆಯಲ್ಲಿ 5 ಲಕ್ಷದ ಕಾರ್ಡು ನಡೆಯುತ್ತದೆ ಎಂಬುದು ಆ ತಿಂಗಳುಗಳಲ್ಲಿ ಯಾರಿಗೆ ಸಮಾಧಾನ? 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ನನ್ನನ್ನು ಕೇಳಿದರೆ ಯಾವ ವಿಮಾ ಯೋಜನೆಗಿಂತಲೂ ಹೆಚ್ಚು ಮಲೆನಾಡನ್ನು ಬದಲಿಸಿದ್ದು ಅದು. ಅದೂ ಸಿಗ್ನಲ್ ಸಿಗುವ ಗುಡ್ಡಕ್ಕೆ ಯಾರಾದರೂ ಓಡಿಹೋಗಿ ಫೋನ್ ಮಾಡಿದ ಮೇಲೆ.

ತೋಟದ ವಿಷಯದಲ್ಲಿ ನಮಗೂ ಅಮೆರಿಕಕ್ಕೂ ಒಂದು ವಿಚಿತ್ರ ನಂಟಿದೆ. ಅಲ್ಲಿ ವಿಮೆ ಹೆಚ್ಚಿನವರಿಗೆ ಬರುವುದು ಕೆಲಸ ಕೊಟ್ಟ ಧಣಿಯ ಮೂಲಕ. ಕೆಲಸ ಹೋದರೆ ವಿಮೆಯೂ ಹೋಯಿತು. ನಮ್ಮ ದೇಶದಲ್ಲಿ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಇದೇ ಏರ್ಪಾಡನ್ನು ಕಾಫಿ, ಚಹಾ, ರಬ್ಬರ್ ತೋಟಗಳಿಗೆ ತಂದಿತು. ಕೂಲಿಯವರಿಗೆ ಮನೆ, ಕುಡಿಯುವ ನೀರು, ಮಕ್ಕಳಿಗೆ ಶಿಶುವಿಹಾರ, ಔಷಧೋಪಚಾರ ಎಲ್ಲವೂ ತೋಟದ ಮಾಲೀಕನ ಹೊಣೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಕೆಲವು ದೊಡ್ಡ ಎಸ್ಟೇಟುಗಳಲ್ಲಿ ಡಿಸ್ಪೆನ್ಸರಿ, ಕಾಂಪೌಂಡರ್ ಎಲ್ಲ ಇದ್ದರು. ಆದರೆ ಚೆಕ್‌ರೋಲಿನಲ್ಲಿ ಹೆಸರಿದ್ದವನಿಗೆ ಔಷಧಿ, ಇಲ್ಲದವನು ಹೊರಗಿನವನು. 1981ರ ತಿದ್ದುಪಡಿಯ ನಂತರವೂ ಕಾಯ್ದೆ ಹಿಡಿಯುತ್ತಿದ್ದುದು 5 ಹೆಕ್ಟೇರು ಅಥವಾ ಹೆಚ್ಚಿನ, 15 ಜನ ಅಥವಾ ಹೆಚ್ಚು ಕೆಲಸ ಮಾಡುವ ತೋಟಗಳನ್ನು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಸಣ್ಣವು, ಅವುಗಳಲ್ಲೂ ಬಹುಪಾಲು ತೀರ ಸಣ್ಣವು. ಅಂದರೆ ಇಲ್ಲಿನ ಬಹಳಷ್ಟು ತೋಟಗಳು ಕಾಯ್ದೆಯ ಗೆರೆಯ ಹೊರಗಿದ್ದವು. 2020ರಲ್ಲಿ ಆ ಕಾಯ್ದೆಯನ್ನೂ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು. ಈಗ ಕೊಯ್ಲಿಗೆ ಬರುವವರಲ್ಲಿ ಅಸ್ಸಾಮಿನಿಂದ, ಬಿಹಾರದಿಂದ ಬಂದವರು ಎಷ್ಟೋ ಜನ. ಅವರ ರೇಷನ್ ಕಾರ್ಡು ಎಲ್ಲಿಯದೋ, ಜ್ವರ ಇಲ್ಲಿಯದು. ಮಾತೂ ಬೇರೆ.

ಮೂರ್ ಈ ಎಳೆಯನ್ನು ಹಿಡಿದಿದ್ದರೆ, ಆರೋಗ್ಯ ಕೂಲಿಗೆ ಕಟ್ಟಿಹಾಕಿದ ಸೌಲಭ್ಯವಾದಾಗ ಮನುಷ್ಯ ಎಷ್ಟು ಬಾಗಿ ನಡೆಯಬೇಕಾಗುತ್ತದೆ ಎಂಬುದು ಇನ್ನೂ ಸ್ಪಷ್ಟವಾಗುತ್ತಿತ್ತು. ಅವರು ಅದನ್ನು ಟೋನಿ ಬೆನ್ ಅವರ ಬಾಯಿಂದ ಸ್ವಲ್ಪ ಹೇಳಿಸುತ್ತಾರೆ. ಬ್ರಿಟನ್ನಿನ ಆ ಹಿರಿಯ ರಾಜಕಾರಣಿ ಕೂತು ಮಾತಾಡುವ ಕೆಲವು ನಿಮಿಷಗಳು ಇಡೀ ಸಿನಿಮಾದಲ್ಲಿ ನನಗೆ ಹೆಚ್ಚು ಇಷ್ಟ. ಯುದ್ಧ ಮುಗಿದು ದೇಶ ದಿವಾಳಿ ಎದ್ದಿದ್ದಾಗಲೇ 1948ರಲ್ಲಿ ಎಲ್ಲರಿಗೂ ಆರೋಗ್ಯ ಸೇವೆ ಶುರುವಾದದ್ದನ್ನು, ಕೊಲ್ಲುವುದಕ್ಕೆ ದುಡ್ಡು ಹೊಂದಿಸಬಲ್ಲ ಸರ್ಕಾರ ಬದುಕಿಸುವುದಕ್ಕೂ ಹೊಂದಿಸಬಲ್ಲದು ಎಂಬ ಸರಳ ಲೆಕ್ಕವನ್ನು ಅವರು ಹೇಳುತ್ತಾರೆ. ಸಾಲದಲ್ಲಿ ಮುಳುಗಿದ ಮನುಷ್ಯ ಆಸೆ ಕಳೆದುಕೊಳ್ಳುತ್ತಾನೆ, ಆಸೆ ಕಳೆದುಕೊಂಡವನು ವೋಟು ಹಾಕಲು ಹೋಗುವುದಿಲ್ಲ ಎಂದು ಸೇರಿಸುತ್ತಾರೆ. ಆ ಮಾತನ್ನು ಮೂರ್ ಅಲ್ಲಿಗೇ ಬಿಟ್ಟು ಫ್ರಾನ್ಸಿಗೆ ವಿಮಾನ ಹತ್ತುತ್ತಾರೆ.

ನಮ್ಮಲ್ಲೂ ಅದೇ ಕಾಲಕ್ಕೆ ಒಂದು ದಾಖಲೆ ತಯಾರಾಗಿತ್ತು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಸರ್ ಜೋಸೆಫ್ ಭೋರ್ ಸಮಿತಿ 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟಿತು, ಬ್ರಿಟನ್ನಿನ ಸೇವೆ ಶುರುವಾಗುವ ಎರಡು ವರ್ಷ ಮೊದಲು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿದ ಆ ವರದಿ, ಸೇವೆ ಜನರಿಗೆ ಆದಷ್ಟು ಹತ್ತಿರ ಇರಬೇಕು ಎಂದೂ ಹೇಳಿತ್ತು. ದೂರದ ಲೆಕ್ಕ ಹಾಕಿದವರು ಭೋರ್ ಸಮಿತಿಯವರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ನಮಗೆ ಬಂದದ್ದು ಅಲ್ಲಿಂದ. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರವಾದರೆ ಗುಡ್ಡಗಾಡಿನಲ್ಲಿ 20,000ಕ್ಕೇ ಒಂದು ಎಂಬ ಇಂದಿನ ನಿಯಮದಲ್ಲೂ ಅದೇ ವಿವೇಕವಿದೆ. ಗುಡ್ಡದಲ್ಲಿ ಇಪ್ಪತ್ತು ಸಾವಿರ ಜನ ಎಷ್ಟು ಹರಡಿಕೊಂಡಿರುತ್ತಾರೆ ಎಂಬುದು ಬೇರೆ ಮಾತು.

ಮಲೆನಾಡು ಇಂದು ಜನ ವಾಸಿಸುವ ಸ್ಥಳವಾಗಿ ಉಳಿದಿರುವುದಕ್ಕೆ ಕಾರಣವಾದ ಸಾರ್ವಜನಿಕ ಸೇವೆಗೆ ಕೌಂಟರೇ ಇರಲಿಲ್ಲ. ಮಲೇರಿಯಾ ಇಲ್ಲಿ ಊರಿಗೆ ಊರನ್ನೇ ಖಾಲಿ ಮಾಡಿಸಿದ ರೋಗ. ಅಜ್ಜಿಯರು ‘ಚಳಿಜ್ವರ’ ಎಂದು ಹೇಳುವಾಗಿನ ದನಿಯಲ್ಲಿ ಅದು ಇನ್ನೂ ಇದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ಆಮೇಲೆ ಮಲೇರಿಯಾ ಕೆಲಸಗಾರರು ಮನೆಮನೆಗೆ ಬಂದು, ಜ್ವರ ಇದೆಯೇ ಎಂದು ಕೇಳಿ, ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ಗಾಜಿಗೆ ಹಚ್ಚಿಕೊಂಡು, ಬಾಗಿಲ ಪಕ್ಕದ ಗೋಡೆಯ ಮೇಲೆ ಬಂದ ತಾರೀಖು ಬರೆದು ಹೋಗುತ್ತಿದ್ದರು. ಸುಣ್ಣದ ಗೋಡೆ ಹಾಳಾಯಿತು ಎಂದು ಹೆಂಗಸರು ಬೈಯುತ್ತಿದ್ದರಂತೆ. ಆ ತಾರೀಖಿನ ಸಾಲನ್ನು ನೆನೆಸಿಕೊಂಡರೆ ನನಗೆ ಆಶ್ಚರ್ಯವಾಗುತ್ತದೆ. ಸರ್ಕಾರ ತಾನು ಬಂದೆನೋ ಇಲ್ಲವೋ ಎಂಬ ಹಾಜರಿಯನ್ನು ಪ್ರಜೆಯ ಮನೆ ಗೋಡೆಯ ಮೇಲೆ ಹಾಕಿ ಹೋಗುತ್ತಿತ್ತು. ಬಿಪಿಎಲ್ಲೋ ಎಪಿಎಲ್ಲೋ ಎಂದು ಕೇಳದೆ, ಸಾಹುಕಾರರ ದೊಡ್ಡಮನೆಗೂ ಲೈನಿಗೂ ಒಂದೇ ಸಾಲು.

ಮಂಗನ ಕಾಯಿಲೆಯನ್ನು ಯೋಚಿಸಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಉಣುಗು ಕಚ್ಚಿ ಬರುತ್ತದೆ. 2024ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲೂ ಅದರಿಂದ ಸಾವು ಸಂಭವಿಸಿತು. ಇದಕ್ಕೆಂದೇ ಕೊಲ್ಲುವ ಔಷಧಿ ಇಲ್ಲ, ಹಳೆಯ ಲಸಿಕೆ ಪ್ರಯೋಜನವಿಲ್ಲವೆಂದು ನಿಂತಿದೆ. ಮಾಡಬಹುದಾದದ್ದು ಏನು? ಕಾಡಿನಲ್ಲಿ ಸತ್ತ ಮಂಗ ಕಂಡರೆ ಸುದ್ದಿ ಮುಟ್ಟಿಸಬೇಕು, ಸುತ್ತ ಔಷಧಿ ಹೊಡೆಯಬೇಕು, ದರಗು ತರಲು, ಸೌದೆಗೆ, ತೋಟಕ್ಕೆ ಹೋಗುವವರಿಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಂಚಬೇಕು, ಜ್ವರ ಬಂದವರ ರಕ್ತ ತೆಗೆದು ಕಳಿಸಬೇಕು. ಇದರಲ್ಲಿ ಯಾವುದಕ್ಕೂ ಪ್ಯಾಕೇಜ್ ಇಲ್ಲ. ಮನುಷ್ಯ ಮಲಗಿದ ಮೇಲೆ, ಆಸ್ಪತ್ರೆ ಸೇರಿದ ಮೇಲೆ ಕಾರ್ಡು ಜೀವ ತಳೆಯುತ್ತದೆ. ಮಲಗದಂತೆ ನೋಡಿಕೊಳ್ಳುವವರ ಸಂಬಳ ಬೇರೆ ಲೆಕ್ಕದಿಂದ ಬರಬೇಕು. ಕಾರ್ಡಿನ ಖರ್ಚು ಹೆಚ್ಚಿದಂತೆ ಆ ಲೆಕ್ಕಕ್ಕೆ ಏನಾಗುತ್ತದೆ ಎಂಬುದೇ ನನ್ನ ಚಿಂತೆ. ಸರ್ಕಾರಗಳಿಗೆ ಕಾರ್ಡು ಹಂಚುವುದು ಸುಲಭ, ಅದರ ಮೇಲೆ ಫೋಟೋ ಹಾಕಬಹುದು. ಉಣುಗಿನ ಎಣ್ಣೆಯ ಬಾಟಲಿಯ ಮೇಲೆ ಯಾರ ಫೋಟೋ ಹಾಕಿದರೂ ಚಂದ ಕಾಣುವುದಿಲ್ಲ.

ಈ ಕಾರಣಕ್ಕೆ ‘ಸಿಕೊ’ ನೋಡಿದವರು ಕೆನ್ ಲೋಚ್ ಅವರ ‘ದ ಸ್ಪಿರಿಟ್ ಆಫ್ 45’ ಸಾಕ್ಷ್ಯಚಿತ್ರವನ್ನೂ ನೋಡಬೇಕು. 2013ರದು, ಕಪ್ಪು ಬಿಳುಪು. ಮೂರ್ ಸಿನಿಮಾದಷ್ಟು ನಗು ಇಲ್ಲ. ಹಳೆಯ ನ್ಯೂಸ್‌ರೀಲುಗಳು, ವಯಸ್ಸಾದ ಗಣಿ ಕೆಲಸಗಾರರು, ನರ್ಸುಗಳು, ಹಡಗುಕಟ್ಟೆಯ ಕೂಲಿಗಳು. ಮೂರ್ ಸಿನಿಮಾದಲ್ಲಿ ಉಚಿತ ಆಸ್ಪತ್ರೆ ಎಂಬುದು ಯಾರೋ ಪುಣ್ಯಾತ್ಮರು ಕೊಟ್ಟ ವರದಂತೆ ಮೊದಲೇ ಅಲ್ಲಿ ನಿಂತಿರುತ್ತದೆ. ಲೋಚ್ ಸಿನಿಮಾದಲ್ಲಿ ಅದನ್ನು ಕಟ್ಟಿದವರು ಬಂದು ಮಾತಾಡುತ್ತಾರೆ. ಆರೋಗ್ಯದ ಜೊತೆಗೇ ಕಲ್ಲಿದ್ದಲು, ರೈಲು, ಮನೆ, ವಿದ್ಯುತ್ತು ಎಲ್ಲ ಬರುತ್ತವೆ. ರೈಲು ಇಲ್ಲದೆ ಆಸ್ಪತ್ರೆ ಇಲ್ಲ, ಮನೆ ಸೋರುತ್ತಿದ್ದರೆ ಔಷಧಿಯಿಂದ ಪ್ರಯೋಜನವಿಲ್ಲ ಎಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ. ಮೂರ್ ಕೂಡ ಒಂದು ಕಡೆ ಅಗ್ನಿಶಾಮಕ ದಳ, ಅಂಚೆ, ಗ್ರಂಥಾಲಯ, ಶಾಲೆಗಳನ್ನು ಸಾಲಾಗಿ ತೋರಿಸಿ, ಇವೆಲ್ಲ ಎಲ್ಲರಿಗೂ ಸೇರಿದ್ದಾದರೆ ಆಸ್ಪತ್ರೆ ಯಾಕಲ್ಲ ಎಂದು ಕೇಳುತ್ತಾರೆ. ಪ್ರಶ್ನೆ ಚೆನ್ನಾಗಿದೆ. ಆದರೆ ಅಲ್ಲಿ ಅವು ಬರೀ ಉದಾಹರಣೆಗಳು.

ಬ್ರಿಟನ್ನಿನ ಆರೋಗ್ಯ ಸೇವೆಯ ಬೇರು ಇರುವುದು ವೇಲ್ಸ್‌ನ ಗುಡ್ಡಗಳ ನಡುವಿನ ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ. ಅಲ್ಲಿ ಗಣಿ ಕೆಲಸಗಾರರು ತಮ್ಮ ಕೂಲಿಯಿಂದ ಪೆನ್ನಿಗಳ ಲೆಕ್ಕದಲ್ಲಿ ವಂತಿಗೆ ಹಾಕಿ ತಮಗೂ ಊರಿಗೂ ಡಾಕ್ಟರನ್ನು ಇಟ್ಟುಕೊಂಡಿದ್ದರು. ಅದೇ ಊರಿನ ಗಣಿ ಕಾರ್ಮಿಕನ ಮಗ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾದಾಗ ಆ ಏರ್ಪಾಡನ್ನು ದೇಶಕ್ಕೆಲ್ಲ ಹಬ್ಬಿಸಿದರು. ಲೋಚ್ ಸಿನಿಮಾದಲ್ಲಿ ಮಾತಾಡುವ ಡಾಕ್ಟರುಗಳಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಒಬ್ಬರು. ವೇಲ್ಸ್‌ನ ಇನ್ನೊಂದು ಗಣಿ ಹಳ್ಳಿಯಲ್ಲಿ ದಶಕಗಳ ಕಾಲ ಇದ್ದವರು. ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಒಳ್ಳೆಯ ಚಿಕಿತ್ಸೆ ಸಿಗುವುದು ಕಡಿಮೆ, ಪೇಟೆಯ ವ್ಯಾಪಾರಕ್ಕೆ ಬಿಟ್ಟಷ್ಟೂ ಇದು ಹೆಚ್ಚುತ್ತದೆ ಎಂದು 1971ರಲ್ಲೇ ಬರೆದರು. ಮಲೆನಾಡಿನ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೂತವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ನಿಯಮ ಎಂದು ಹೆಸರಿಟ್ಟಿರುವುದಿಲ್ಲ ಅಷ್ಟೆ.

ನಮ್ಮ ಗುಡ್ಡಗಳಲ್ಲಿ ಟ್ರೆಡೆಗರ್ ಇರಲಿಲ್ಲವೇ? ಆಸ್ಪತ್ರೆಯ ವಿಷಯದಲ್ಲಿ ಇರಲಿಲ್ಲ. ಬಸ್ಸಿನ ವಿಷಯದಲ್ಲಿ ಇತ್ತು. ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ಸುಮಾರು ಮೂವತ್ತು ವರ್ಷ ಆ ಬಸ್ಸುಗಳು ಲಾಭ ಬರದ ದಾರಿಗಳಲ್ಲೂ ಓಡಿದವು, ಶಾಲೆ ಮಕ್ಕಳಿಗೆ ರಿಯಾಯಿತಿ ಕೊಟ್ಟವು. ಬೆಳಗಿನ ಬಸ್ಸಿನಲ್ಲಿ ರೋಗಿಯೂ, ರೋಗಿಯ ಊಟದ ಕ್ಯಾರಿಯರೂ ಜೊತೆಗೇ ಹೋಗುತ್ತಿದ್ದವು. ಡೀಸೆಲ್, ಸಾಲ, ತೆರಿಗೆಗಳ ಭಾರ ತಡೆಯಲಾರದೆ 2020ರಲ್ಲಿ ಅದು ನಿಂತುಹೋಯಿತು. ಆ ಬಗ್ಗೆ ಒಂದು ಒಳ್ಳೆಯ ಸಾಕ್ಷ್ಯಚಿತ್ರ ಆಗಬೇಕಿತ್ತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹ್ಯಾಮರ್‌ಸ್ಮಿತ್ತಿನ ಕಿಟಕಿಗೆ ನಮ್ಮಲ್ಲಿ ಅತಿ ಹತ್ತಿರದ್ದು ಎಂದರೆ ಇದೇ ಎಂದು ನನಗನ್ನಿಸುತ್ತದೆ. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ. ಕಳಸದ ಹುಡುಗಿ ಕೇಳಿದ್ದು ಇದನ್ನು.

ಇನ್ನು ಕ್ಯೂಬಾ. ಸಿನಿಮಾದ ಅತ್ಯಂತ ದುರ್ಬಲ ಭಾಗ. 2001ರ ಸೆಪ್ಟೆಂಬರ್ 11ರ ದುರಂತದ ಜಾಗದಲ್ಲಿ ಕೆಲಸ ಮಾಡಿ ಶ್ವಾಸಕೋಶ ಕೆಡಿಸಿಕೊಂಡವರನ್ನು ಮೂರ್ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ತನ್ನ ದೇಶದಲ್ಲಿ 120 ಡಾಲರ್ ಕೊಟ್ಟು ಕೊಳ್ಳುತ್ತಿದ್ದ ಇನ್ಹೇಲರ್ ಹವಾನಾದ ಔಷಧಿ ಅಂಗಡಿಯಲ್ಲಿ ಐದು ಸೆಂಟಿಗೆ ಸಿಕ್ಕಾಗ ಆ ಹೆಂಗಸು ಅಳುತ್ತಾಳೆ. ನೋಡುವವರ ಕಣ್ಣೂ ಒದ್ದೆಯಾಗುತ್ತದೆ. ಆದರೆ ಕ್ಯಾಮೆರಾ ಜೊತೆಯಲ್ಲಿ ಬಂದ ವಿದೇಶಿ ಅತಿಥಿಗಳಿಗೆ ಸಿಕ್ಕ ಉಪಚಾರವನ್ನು ಇಡೀ ದೇಶದ ಉಪಚಾರ ಎಂದು ನಂಬಲು ನಮಗಾದರೂ ಆಗುವುದಿಲ್ಲ. ಮಂತ್ರಿಗಳು ಬರುವ ದಿನ ನಮ್ಮ ತಾಲ್ಲೂಕು ಆಸ್ಪತ್ರೆಗಳು ಹೇಗಿರುತ್ತವೆ ಎಂದು ನಾವು ನೋಡಿದ್ದೇವೆ, ಬೆಡ್‌ಶೀಟು, ಫಿನೈಲು, ಡಾಕ್ಟರು ಎಲ್ಲ ಇರುತ್ತಾರೆ. ಕ್ಯೂಬಾದ ಹಳ್ಳಿಗಳಲ್ಲಿ ಕುಟುಂಬ ವೈದ್ಯರು ಜನರ ನಡುವೆಯೇ ವಾಸಿಸುವ ಪದ್ಧತಿ ಇದೆ. ಮೂರ್ ಅಂಥ ಒಬ್ಬರ ಜೊತೆ ಒಂದು ದಿನ ನಡೆದಿದ್ದರೆ ಸಾಕಿತ್ತು.

ಕೊನೆಯ ಭಾಗದಲ್ಲಿ ಇನ್ನೊಂದು ವಿಚಿತ್ರ ಇದೆ. ಮೂರ್ ವಿರುದ್ಧವೇ ಬರೆಯುತ್ತಿದ್ದ ಒಬ್ಬಾತನಿಗೆ ಹೆಂಡತಿಯ ಕಾಯಿಲೆಯಿಂದ ದುಡ್ಡಿನ ತೊಂದರೆಯಾದಾಗ ಇವರು ಹೆಸರು ಹೇಳದೆ 12,000 ಡಾಲರಿನ ಚೆಕ್ ಕಳಿಸುತ್ತಾರೆ, ಅದನ್ನು ಸಿನಿಮಾದಲ್ಲಿ ಹೇಳಿಕೊಳ್ಳುತ್ತಾರೆ. ಉಂಗುರದ ಬೆರಳಿನ ಬೆಲೆಯೂ 12,000 ಡಾಲರೇ ಇತ್ತು. ಎಲ್ಲರಿಗೂ ಹಕ್ಕಾಗಿ ಸಿಗಬೇಕು ಎನ್ನುವ ಸಿನಿಮಾ ಒಬ್ಬನ ದಾನದ ಹತ್ತಿರ ಬಂದು ನಿಲ್ಲುತ್ತದೆ. ನಮ್ಮಲ್ಲೂ ಹೀಗೇ. ಲೈನಿನಲ್ಲಿ ಯಾರಿಗೋ ಕಾಯಿಲೆಯಾದರೆ ಸಾಹುಕಾರರು ಜೀಪು ಕೊಟ್ಟರು ಎಂದು ವರ್ಷಗಟ್ಟಲೆ ಹೇಳುತ್ತಾರೆ. ಜೀಪು ಕೊಟ್ಟದ್ದು ಒಳ್ಳೆಯದೇ. ಆ ಮನೆಯವರು ಮುಂದಿನ ವರ್ಷ ಕೂಲಿ ಹೆಚ್ಚು ಕೇಳುವಾಗ ಜೀಪನ್ನು ನೆನೆದು ಸುಮ್ಮನಾಗುತ್ತಾರೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಫ್ರಾನ್ಸಿನ ಒಂದು ದೃಶ್ಯ. ಹೆರಿಗೆಯಾದ ಮನೆಗೆ ಸರ್ಕಾರವೇ ಒಬ್ಬಾಕೆಯನ್ನು ಸಹಾಯಕ್ಕೆ ಕಳಿಸುತ್ತದೆ. ಆಕೆ ಬಾಣಂತಿಯ ಮನೆಯ ಬಟ್ಟೆಯನ್ನೂ ಒಗೆಯುತ್ತಾಳೆ. ಮೂರ್‌ಗೆ ನಂಬಲಾಗುವುದಿಲ್ಲ, ಸಿನಿಮಾದ ಕೊನೆಯಲ್ಲಿ ತಾವೂ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು ವಾಷಿಂಗ್ಟನ್ನಿನ ಸಂಸತ್ ಭವನದ ಕಡೆ ಹೊರಡುತ್ತಾರೆ. ಮತ್ತೆ ನಗು. ಆ ಹೆಂಗಸಿಗೆ ಸಂಬಳ ಎಷ್ಟು, ಆಕೆ ಆ ಮನೆಗೆ ಹೇಗೆ ಬಂದಳು, ದಿನಕ್ಕೆ ಎಷ್ಟು ಮನೆ ಎಂದು ಅವರು ಕೇಳಲಿಲ್ಲ.

ನಮ್ಮ ಗುಡ್ಡಗಳಲ್ಲೂ ಆಕೆ ಇದ್ದಾಳೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆ. ಕಾಗದದ ಮೇಲೆ ಆಕೆ ನೌಕರಳಲ್ಲ, ಸ್ವಯಂಸೇವಕಿ. ಸಿಗುವುದು ಗೌರವಧನ ಮತ್ತು ಕೆಲಸದ ಲೆಕ್ಕದ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ 15,000 ರೂಪಾಯಿ ಕೇಳಿದರು. ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದ ಬಾಣಂತಿಯನ್ನೂ ಮಗುವನ್ನೂ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಬಂದು ನೋಡಬೇಕು. ತೂಕ ಮಾಡಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ನೋಡಬೇಕು. ತೋಟದ ಒಳಗಿನ ಲೈನಾದರೆ ಗೇಟಿನಿಂದ ಇಳಿಜಾರಿನಲ್ಲಿ ನಡೆದು, ಮಳೆಗಾಲದಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ಹೋಗಬೇಕು. ಆರು ಭೇಟಿ ಮುಗಿದ ಮೇಲೆ ಅದಕ್ಕೆಂದು ನಿಗದಿಯಾದ ಪ್ರೋತ್ಸಾಹಧನ ಒಟ್ಟು 250 ರೂಪಾಯಿ.